ಜಠರ ಕಿರಿದಾಯಿತು, ಊಟದ ಅಭ್ಯಾಸವೋ? – ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ನಂತರದ ಆಹಾರ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯೆ): ನನಗೆ 38 ವರ್ಷ. ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆಗಿ ಐದು ವಾರಗಳಾದವು. ನಾವು ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೊದಲು ದ್ರವಾಹಾರದಲ್ಲಿದ್ದಾಗ ಯಾವ ತೊಂದರೆಯೂ ಇರಲಿಲ್ಲ. ಈಗ ಮೆತ್ತನೆಯ ಆಹಾರಕ್ಕೆ ಬಂದಿದ್ದೇನೆ. ಮೂರು ತುತ್ತು ಅನ್ನ ಸಾರು ಇಳಿಯುವಷ್ಟರಲ್ಲಿ ಎದೆಯ ನಡುವೆ ಕಟ್ಟಿದಂತಾಗಿ, ಬಾಯಲ್ಲಿ ನೊರೆನೊರೆಯಾದ ಜೊಲ್ಲು ತುಂಬಿ ವಾಂತಿಯಾಗುತ್ತದೆ. ವಾರಕ್ಕೆ ಮೂರು ನಾಲ್ಕು ಸಲ ಹೀಗಾಗುತ್ತಿದೆ. ಶಕ್ತಿ ಬರಲೆಂದು ಮನೆಯವರು ಹಣ್ಣಿನ ರಸ ಮಾಡಿಕೊಡುತ್ತಿದ್ದಾರೆ. ತೂಕ 9 ಕೆ.ಜಿ. ಇಳಿದಿದೆ, ಆದರೆ ವಿಪರೀತ ಸುಸ್ತು. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಆಹಾರ ತಜ್ಞೆಯ ಉತ್ತರ: ನೀವು ಬರೆದಿರುವ ನೊರೆಯ ವಿವರದಲ್ಲಿಯೇ ಅರ್ಧ ಉತ್ತರವಿದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಪಾಲಿಗೂ ಹೆಚ್ಚನ್ನು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆಯಾಗಿ ಉಳಿಸಿರುತ್ತಾರೆ. ಮೊದಲಿನ ಜಠರವು ಚೀಲದಂತೆ ಹಿಗ್ಗಿ ಊಟಕ್ಕೆ ಜಾಗ ಮಾಡಿಕೊಡುತ್ತಿತ್ತು. ಈಗಿನದಕ್ಕೆ ಆ ಗುಣವಿಲ್ಲ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುತ್ತಿದ್ದುದು ತೆಗೆದುಹಾಕಿದ ಆ ಭಾಗದಲ್ಲಿಯೇ ಆದ್ದರಿಂದ ಹಸಿವೂ ಈಗ ಕಡಿಮೆ. ಕೈ ಮತ್ತು ಬಾಯಿ ಮಾತ್ರ ಮೂವತ್ತು ವರ್ಷಗಳ ಹಳೆಯ ವೇಗದಲ್ಲಿಯೇ ನಡೆಯುತ್ತಿವೆ. ತುತ್ತು ದೊಡ್ಡದಾದಾಗ ಅಥವಾ ಬೇಗ ನುಂಗಿದಾಗ ಆಹಾರ ಮೇಲೆಯೇ ನಿಲ್ಲುತ್ತದೆ, ಅದನ್ನು ಜಾರಿಸಲು ದೇಹ ಜೊಲ್ಲನ್ನು ಸುರಿಸುತ್ತದೆ, ಅದೇ ನೊರೆಯಾಗಿ ಬಾಯಿಗೆ ಬರುತ್ತದೆ.

ಅನ್ನದ ವಿಷಯಕ್ಕೆ ಬರುತ್ತೇನೆ. ಅನ್ನ ಮೆತ್ತಗಿರುತ್ತದೆ ಎಂಬ ಕಾರಣಕ್ಕೆ ಎಲ್ಲರೂ ಅದರಿಂದಲೇ ಆರಂಭಿಸುತ್ತಾರೆ, ಆದರೆ ಈ ಹಂತದಲ್ಲಿ ಅಗುಳುಗಳು ಒಂದಕ್ಕೊಂದು ಅಂಟಿ ಉಂಡೆಯಾಗುವುದು ನಿಮಗೆ ತೊಂದರೆ ಕೊಡುತ್ತದೆ. ಮುದ್ದೆ, ಮೃದುವಾದ ಚಪಾತಿ, ಬ್ರೆಡ್ಡಿಗೂ ಇದೇ ಮಾತು ಸಲ್ಲುತ್ತದೆ. ಮೂರು ನಾಲ್ಕು ದಿನ ಒಂದು ಹೆಜ್ಜೆ ಹಿಂದಕ್ಕೆ ಹೋಗಿರಿ. ಹೆಸರುಬೇಳೆಯನ್ನು ಕರಗುವಂತೆ ಬೇಯಿಸಿ, ಕಡೆದು, ಒಗ್ಗರಣೆಯ ಮೆಣಸಿನಕಾಯಿಯನ್ನು ತೆಗೆದು ಗಟ್ಟಿ ತೊವ್ವೆ ಮಾಡಿಕೊಳ್ಳಿ. ಹುಳಿಯಿಲ್ಲದ ಮೊಸರು, ನುಣ್ಣಗೆ ಹಿಸುಕಿದ ಪನೀರ್, ಬೇಯಿಸಿ ಅರೆದ ಸೋರೆಕಾಯಿ ಅಥವಾ ಕುಂಬಳಕಾಯಿ ಇರಲಿ. ದೊಡ್ಡ ತಟ್ಟೆಯನ್ನು ಬದಿಗಿಟ್ಟು, ಒಗ್ಗರಣೆ ಡಬ್ಬಿಯೊಳಗಿನ ಬಟ್ಟಲಿನಷ್ಟು ಪುಟ್ಟ ಬಟ್ಟಲನ್ನೂ ಒಂದು ಟೀ ಚಮಚವನ್ನೂ ತೆಗೆದುಕೊಳ್ಳಿ. ಒಂದು ಚಮಚ ಬಾಯಿಗಿಟ್ಟ ಮೇಲೆ ಚಮಚವನ್ನು ಕೆಳಗಿಡಿ, ಬಾಯಿ ಪೂರ್ತಿ ಖಾಲಿಯಾದ ನಂತರವೇ ಮತ್ತೆ ಎತ್ತಿಕೊಳ್ಳಿ. ಒಂದು ಬಟ್ಟಲಿಗೆ 20 ರಿಂದ 30 ನಿಮಿಷ ಹಿಡಿಯಬೇಕು. ತುಂಬಿತೆಂಬ ಸೂಚನೆ ಈಗ ಹೊಟ್ಟೆಯಲ್ಲಿ ಕಾಣಿಸುವುದಿಲ್ಲ. ಎದೆಗೂಡಿನ ಕೆಳಗೆ ಒಂದು ಒತ್ತಡ, ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು ಅಥವಾ ಮೂಗು ಸೋರುವುದು ಆ ಸೂಚನೆಯಾಗಿರುತ್ತದೆ. ಅಲ್ಲಿಗೆ ನಿಲ್ಲಿಸಿ, ಬಟ್ಟಲಿನಲ್ಲಿ ಎರಡೇ ಚಮಚ ಉಳಿದಿದ್ದರೂ ನಿಲ್ಲಿಸಿ. ಅನ್ನವನ್ನು ಎಸೆಯಬಾರದೆಂಬ ನಮ್ಮ ಮನೆಗಳ ಸಂಸ್ಕಾರ ದೊಡ್ಡದು, ಆದರೆ ಅದನ್ನು ಬಡಿಸುವಾಗಲೇ ಪಾಲಿಸಬೇಕು.

ನಿಮ್ಮ ಸುಸ್ತಿಗೆ ಎರಡು ಕಾರಣಗಳು ನನಗೆ ಕಾಣುತ್ತವೆ. ಮೊದಲನೆಯದು ನೀರು. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ ದೇಹಕ್ಕೆ ಸೇರಬೇಕು, ಆದರೆ ಊಟದ ಜೊತೆಯಲ್ಲಿ ಅಲ್ಲ. ಉಂಡು ಅರ್ಧ ಗಂಟೆ ಕಳೆದ ಮೇಲೆ, ಲೋಟ ಎತ್ತಿ ಗಟಗಟನೆ ಕುಡಿಯದೆ, ಗುಟುಕು ಗುಟುಕಾಗಿ ದಿನವಿಡೀ. ಉಪ್ಪು ಕಡಿಮೆ ಹಾಕಿದ ತೆಳು ಮಜ್ಜಿಗೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಹಣ್ಣಿನ ರಸವನ್ನು ನಿಲ್ಲಿಸಿ, ಅದರಲ್ಲಿ ಸಕ್ಕರೆಯೇ ಹೆಚ್ಚು, ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ.

ಎರಡನೆಯದು ಪ್ರೋಟೀನು. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಅದು ಸಿಗದಿದ್ದರೆ ಇಳಿಯುವ ತೂಕದಲ್ಲಿ ಕೊಬ್ಬಿನ ಜೊತೆಗೆ ಸ್ನಾಯುವೂ ಹೋಗುತ್ತದೆ. ಇಲ್ಲಿ ನಮ್ಮ ಅಡುಗೆಮನೆಯ ಎರಡು ನಂಬಿಕೆಗಳನ್ನು ಬಿಡಿಸಿ ಹೇಳಬೇಕಾಗಿದೆ. ರಾಗಿ ಅಂಬಲಿ ಒಳ್ಳೆಯದೇ, ಸುಣ್ಣದ ಅಂಶ ಅದರಲ್ಲಿ ಹೇರಳವಾಗಿದೆ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ ಪ್ರೋಟೀನು ಸುಮಾರು 7 ಗ್ರಾಂ ಮಾತ್ರ, ನೀವು ಅಂಬಲಿಗೆ ಹಾಕುವ ಎರಡು ಚಮಚ ಹಿಟ್ಟಿನಿಂದ ಒಂದೆರಡು ಗ್ರಾಂ ಬರಬಹುದು. ಹಾಗೆಯೇ ಹುರುಳಿ ಕಟ್ಟು ಅಥವಾ ಬೇಳೆ ಕಟ್ಟಿನ ಸಾರು ಕುಡಿದರೆ ಬೇಳೆಯ ಸತ್ವವೆಲ್ಲ ಬಂದಿತೆಂದು ಹಿರಿಯರು ನಂಬುತ್ತಾರೆ. ಸತ್ವದ ಬಹುಪಾಲು ಸೋಸಿ ಪಲ್ಯಕ್ಕೆ ತೆಗೆದಿಟ್ಟ ಕಾಳಿನಲ್ಲಿಯೇ ಉಳಿದಿರುತ್ತದೆ. ಕಾಳನ್ನೇ ಅರೆದು ತಿನ್ನಬೇಕು. 50 ಗ್ರಾಂ ಪನೀರಿನಲ್ಲಿ ಸುಮಾರು 9 ಗ್ರಾಂ, ಕಾಲು ಲೀಟರ್ ಹಾಲಿನಲ್ಲಿ ಸುಮಾರು 8 ಗ್ರಾಂ, 100 ಗ್ರಾಂ ಮೊಸರಿನಲ್ಲಿ ಸುಮಾರು 3 ಗ್ರಾಂ ಇದೆಯೆಂದು ಕೂಡಿಸುತ್ತಾ ಹೋದರೆ, ಮೊಟ್ಟೆಯೂ ಇಲ್ಲದ ನಿಮ್ಮ ಊಟದಲ್ಲಿ ಈ ಪುಟ್ಟ ಬಟ್ಟಲುಗಳಿಂದ 60 ಮುಟ್ಟುವುದು ಮೊದಲ ಕೆಲವು ತಿಂಗಳು ಬಹಳ ಕಷ್ಟ. ಆದ್ದರಿಂದ ನಿಮ್ಮ ಶಸ್ತ್ರಚಿಕಿತ್ಸಾ ತಂಡದವರು ಬರೆದುಕೊಟ್ಟಿರಬಹುದಾದ ಪ್ರೋಟೀನ್ ಪುಡಿಯನ್ನು ಬಿಡಬೇಡಿ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ವಾರಕ್ಕೆ ಮೂರು ನಾಲ್ಕು ಸಲ ವಾಂತಿಯಾಗುತ್ತಿರುವುದನ್ನು ಶಸ್ತ್ರಚಿಕಿತ್ಸಕರಿಗೆ ಇಂದೇ ತಿಳಿಸಬೇಕು. ಅದು ಪ್ರತಿದಿನಕ್ಕೆ ತಿರುಗಿದರೆ ಅಥವಾ ನೀರೂ ನಿಲ್ಲದಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಾಂತಿ ಮುಂದುವರಿದರೆ ದೇಹದಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ. ದೃಷ್ಟಿ ಎರಡೆರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮನಸ್ಸು ಗೊಂದಲವಾಗುವುದು ಅದರ ಲಕ್ಷಣಗಳು, ಮತ್ತು ತಡವಾದರೆ ಮಿದುಳಿಗೆ ಆಗುವ ಹಾನಿ ಶಾಶ್ವತವಾಗಬಹುದು. ಸುಸ್ತೆಂದು ಹತ್ತಿರದ ಕ್ಲಿನಿಕ್ಕಿನಲ್ಲಿ ಬರಿಯ ಗ್ಲೂಕೋಸ್ ಡ್ರಿಪ್ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ ಇದೇ ತೊಂದರೆ ಉಲ್ಬಣಿಸುತ್ತದೆ. ಎಲ್ಲಿಯೇ ಹೋದರೂ ಶಸ್ತ್ರಚಿಕಿತ್ಸೆಯಾದ ವಿಷಯವನ್ನು ಮೊದಲ ವಾಕ್ಯದಲ್ಲಿಯೇ ಹೇಳಿ.

ಮರುಪ್ರಶ್ನೆ (ಅದೇ ಸದಸ್ಯೆ): ವೈದ್ಯರಿಗೆ ಫೋನ್ ಮಾಡಿದೆ, ನಾಳೆ ಬರಲು ಹೇಳಿದ್ದಾರೆ. ಪ್ರೋಟೀನ್ ಪುಡಿಯಿಂದ ಕಿಡ್ನಿ ಕೆಡುತ್ತದೆಂದು ಮನೆಯಲ್ಲಿ ಭಯಪಡುತ್ತಿದ್ದಾರೆ.

ಉತ್ತರ: ಮೂತ್ರಪಿಂಡಗಳು ಆರೋಗ್ಯವಾಗಿರುವವರಿಗೆ ದಿನಕ್ಕೆ 60–80 ಗ್ರಾಂ ಪ್ರೋಟೀನು ಹೆಚ್ಚಿನ ಪ್ರಮಾಣವೇ ಅಲ್ಲ, ಅದು ಸಾಮಾನ್ಯ ಅಗತ್ಯದ ಆಸುಪಾಸಿನಲ್ಲಿಯೇ ಇದೆ. ಮೊದಲೇ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ವೈದ್ಯರು ಹೇಳಿದ ಪ್ರಮಾಣವನ್ನು ಪಾಲಿಸಬೇಕು. ನಾಳೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಅಡುಗೆ ಮಾಡುವವರು ಕೇಳಿಸಿಕೊಳ್ಳದ ಸಲಹೆ ಅಡುಗೆಮನೆಯನ್ನು ತಲುಪುವುದಿಲ್ಲ.

ಪ್ರಶ್ನೆ (ಮೈಸೂರಿನ ಸದಸ್ಯ): ವಯಸ್ಸು 46. ಗ್ಯಾಸ್ಟ್ರಿಕ್ ಬೈಪಾಸ್ ಆಗಿ 14 ತಿಂಗಳಾಯಿತು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ವೈದ್ಯರೇ ನಿಲ್ಲಿಸಿದ್ದಾರೆ. ಕಳೆದ ತಿಂಗಳು ಮದುವೆಯೊಂದರಲ್ಲಿ ಪಾಯಸ, ಒಂದು ಹೋಳಿಗೆ ತಿಂದು ಇಪ್ಪತ್ತು ನಿಮಿಷಕ್ಕೆ ಎದೆ ಡವಗುಟ್ಟಿ, ಹೊಟ್ಟೆ ನುಲಿದು, ಭೇದಿಯಾಯಿತು. ಮೊನ್ನೆ ಬೆಳಿಗ್ಗೆ ಸಿಹಿ ಪೊಂಗಲ್ ತಿಂದಾಗ ಆ ಕ್ಷಣಕ್ಕೆ ಏನೂ ಆಗಲಿಲ್ಲ. ಎರಡು ಗಂಟೆಯ ನಂತರ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟಿತು. ಮನೆಯ ಯಂತ್ರದಲ್ಲಿ ಸಕ್ಕರೆ 54 ತೋರಿಸಿತು. ಕಾಯಿಲೆ ಮರಳಿತೇ?

ಉತ್ತರ: ಮರಳಿಲ್ಲ, ಇದು ಬೇರೆಯೇ ಸಂಗತಿ. ಬೈಪಾಸಿನಲ್ಲಿ ಆಹಾರವು ಪುಟ್ಟ ಜಠರಚೀಲದಿಂದ ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಇಳಿಯುತ್ತದೆ. ಅದನ್ನು ತಡೆದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದ ಜಠರದ ಬಾಗಿಲು ಈಗ ದಾರಿಯಲ್ಲಿ ಇಲ್ಲ. ಸಿಹಿ ಒಮ್ಮೆಲೇ ಕರುಳಿಗೆ ಸುರಿದಾಗ ಕರುಳು ನೀರನ್ನು ಎಳೆದುಕೊಳ್ಳುತ್ತದೆ; ಎದೆಬಡಿತ, ನುಲಿತ, ಭೇದಿ ಅದರಿಂದ ಬಂದವು. ಇದನ್ನು ಡಂಪಿಂಗ್ ಎನ್ನುತ್ತಾರೆ. ಎರಡನೆಯ ಸಲ ಆದದ್ದು ಅದರ ತಡವಾದ ರೂಪ. ಸಕ್ಕರೆ ರಕ್ತಕ್ಕೆ ವೇಗವಾಗಿ ಏರಿದ್ದರಿಂದ ದೇಹ ಅಗತ್ಯಕ್ಕಿಂತ ಹೆಚ್ಚು ಇನ್ಸುಲಿನ್ ಬಿಟ್ಟು, ಒಂದರಿಂದ ಮೂರು ಗಂಟೆಯೊಳಗೆ ಸಕ್ಕರೆ ಕುಸಿಯುತ್ತದೆ.

54 ಎಂಬ ಅಂಕಿ ಬಹಳ ಕಡಿಮೆ, ಅದನ್ನು ಹಗುರವಾಗಿ ಕಾಣಬೇಡಿ. ಆ ಹೊತ್ತಿನಲ್ಲಿ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಚೇತರಿಸಿದ ಕೂಡಲೇ ಒಂದು ಮೊಟ್ಟೆ ಅಥವಾ ಸ್ವಲ್ಪ ಪನೀರು ತಿನ್ನಿ. ಬರಿಯ ಸಕ್ಕರೆಯ ಮೇಲೆ ನಿಂತರೆ ಮತ್ತೊಮ್ಮೆ ಕುಸಿಯಬಹುದು. ನಡುಕವಿರುವಾಗ ವಾಹನ ಓಡಿಸಬೇಡಿ. ಸಿಹಿ ಬಿಟ್ಟ ಮೇಲೂ ಮರುಕಳಿಸಿದರೆ ಹಾರ್ಮೋನು ತಜ್ಞರನ್ನು ಕಾಣಲೇಬೇಕು.

ನಮ್ಮ ಮದುವೆಯ ಊಟದ ಕ್ರಮವನ್ನು ಗಮನಿಸಿದ್ದೀರಾ? ಅನೇಕ ಕಡೆ ಎಲೆಯ ಮೇಲೆ ಮೊದಲು ನಾಲಗೆಗೆ ಸೋಕುವುದೇ ಪಾಯಸ. ನಿಮ್ಮ ಖಾಲಿ ಜಠರಚೀಲಕ್ಕೆ ಇದಕ್ಕಿಂತ ಕೆಟ್ಟ ಆರಂಭವಿಲ್ಲ. ಹೆಸರುಬೇಳೆ ಕೋಸಂಬರಿಯಿಂದ ಆರಂಭಿಸಿ, ಚೆನ್ನಾಗಿ ಅಗಿದು ತಿನ್ನಿ. ನಂತರ ಕಾಳಿನ ಪಲ್ಯ, ಮಜ್ಜಿಗೆಹುಳಿಯ ಹೋಳುಗಳು, ಆಮೇಲೆ ಜಾಗವಿದ್ದರೆ ಎರಡು ತುತ್ತು ಅನ್ನ. ಬಡಿಸುವವರು ಬರುವ ಮೊದಲೇ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಕಲಿಯಿರಿ. ಅದಕ್ಕೆ ಸಂಕೋಚಪಡಬೇಡಿ.

ಮರುಪ್ರಶ್ನೆ (ಅದೇ ಸದಸ್ಯ): ಧನ್ಯವಾದಗಳು. ಮಂಡಿ ನೋವಿಗೆ ಆಗಾಗ ಡೈಕ್ಲೋಫೆನಾಕ್ ತೆಗೆದುಕೊಳ್ಳುತ್ತೇನೆ, ಪರವಾಗಿಲ್ಲವೇ?

ಉತ್ತರ: ಬೇಡ. ಬೈಪಾಸ್ ಆದವರಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಗೆಯ ನೋವಿನ ಮಾತ್ರೆಗಳು ಜಠರ ಮತ್ತು ಕರುಳಿನ ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಬೀಡಿ ಸಿಗರೇಟೂ ಅದನ್ನೇ ಮಾಡುತ್ತದೆ. ಪ್ಯಾರಾಸಿಟಮಾಲ್ ಸಾಲದಿದ್ದರೆ ವೈದ್ಯರನ್ನು ಕೇಳಿ. ನೀವು ಕೇಳಿದ್ದು ಒಳ್ಳೆಯದಾಯಿತು, ಈ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಮದ್ಯದ ಅಭ್ಯಾಸವಿದ್ದರೆ ಅದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಈಗ ಅದು ಮೊದಲಿಗಿಂತ ಬೇಗ, ಮೊದಲಿಗಿಂತ ಹೆಚ್ಚಾಗಿ ರಕ್ತಕ್ಕೆ ಏರುತ್ತದೆ, ವ್ಯಸನವಾಗುವ ಸಂಭವವೂ ಹೆಚ್ಚು.

ಪ್ರಶ್ನೆ (ಶಿವಮೊಗ್ಗದ ಸದಸ್ಯೆ): 31 ವರ್ಷ, ಸ್ಲೀವ್ ಆಗಿ ಐದು ತಿಂಗಳು. ಬಾಚಣಿಗೆ ತುಂಬ ಕೂದಲು ಬರುತ್ತಿದೆ. ರಕ್ತಪರೀಕ್ಷೆ ಸರಿಯಿದ್ದುದರಿಂದ ಜೀವಸತ್ವದ ಮಾತ್ರೆಗಳನ್ನು ನಿಲ್ಲಿಸಿದ್ದೇನೆ. ಮತ್ತೆ, ಏಕಾದಶಿಗೆ ಉಪವಾಸ ಮಾಡಬಹುದೇ?

ಉತ್ತರ: ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ. ತೂಕ ವೇಗವಾಗಿ ಇಳಿದ ಆಘಾತಕ್ಕೆ ಕೂದಲಿನ ಬೇರುಗಳು ವಿಶ್ರಾಂತಿಗೆ ಹೋಗಿರುತ್ತವೆ, ಪ್ರೋಟೀನು ಮತ್ತು ಕಬ್ಬಿಣ ಸರಿಯಿದ್ದರೆ ಮತ್ತೆ ಬೆಳೆಯುತ್ತವೆ. ಆದರೆ ಮಾತ್ರೆ ನಿಲ್ಲಿಸಿದ್ದು ತಪ್ಪಾಯಿತು. ಪರೀಕ್ಷೆ ಸರಿ ಬಂದದ್ದು ಮಾತ್ರೆ ನುಂಗಿದ್ದರಿಂದ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ಸಂಗ್ರಹವಾಗಿರುವುದರಿಂದ ಅದರ ಕೊರತೆ ತಡವಾಗಿ, ಕಾಲು ಜೋಮು ಹಿಡಿಯುವುದಾಗಿ, ಮರೆವಾಗಿ ಹೊರಬರುತ್ತದೆ. ಈ ಮಾತ್ರೆಗಳು ಜೀವನಪರ್ಯಂತ ಬೇಕು.

ತೆಗೆದುಕೊಳ್ಳುವ ಕ್ರಮಕ್ಕೂ ಬೆಲೆಯಿದೆ. ಕ್ಯಾಲ್ಸಿಯಂ ಅನ್ನು ಸಿಟ್ರೇಟ್ ರೂಪದಲ್ಲಿ, ಒಂದು ಸಲಕ್ಕೆ 500–600 ಮಿ.ಗ್ರಾಂಗಿಂತ ಹೆಚ್ಚಾಗದಂತೆ ಹಂಚಿಕೊಂಡು ನುಂಗಬೇಕು. ಕಬ್ಬಿಣದ ಮಾತ್ರೆಗೂ ಅದಕ್ಕೂ ಎರಡು ಗಂಟೆಯ ಅಂತರವಿರಲಿ, ಕಬ್ಬಿಣವನ್ನು ಕಾಫಿ ಟೀ ಜೊತೆಯಲ್ಲಿ ನುಂಗಬೇಡಿ. ಮುಟ್ಟಾಗುವ ವಯಸ್ಸಿನ ಮಹಿಳೆಯರಿಗೆ ಕಬ್ಬಿಣದ ಅಗತ್ಯ ಹೆಚ್ಚು. ಮಗುವಿನ ಯೋಚನೆಯಿದ್ದರೆ ಶಸ್ತ್ರಚಿಕಿತ್ಸೆಯಿಂದ 12 ರಿಂದ 18 ತಿಂಗಳು ಕಳೆಯಲಿ, ಅದಕ್ಕೂ ಮೊದಲು ನಮ್ಮನ್ನು ಬಂದು ಕಾಣಿ.

ನಿರಾಹಾರ ಉಪವಾಸ ಮೊದಲ ವರ್ಷ ಬೇಡವೆಂದೇ ನನ್ನ ಸಲಹೆ, ನೀರನ್ನೂ ಬಿಡುವ ಉಪವಾಸ ಖಂಡಿತ ಬೇಡ. ವ್ರತವನ್ನು ಹಾಲು, ಮೊಸರು, ಪನೀರಿನಿಂದ ನಡೆಸಿಕೊಳ್ಳಿ. ಸಬ್ಬಕ್ಕಿ ಮತ್ತು ಆಲೂಗಡ್ಡೆಯಿಂದಲ್ಲ.

ಪ್ರಶ್ನೆ (ಬೆಂಗಳೂರಿನ ಸದಸ್ಯ): ಮೂರು ವರ್ಷದ ಹಿಂದೆ ಸ್ಲೀವ್ ಆಯಿತು. 41 ಕೆ.ಜಿ. ಇಳಿದಿದ್ದೆ, ಈಗ 8 ಕೆ.ಜಿ. ಏರಿದೆ. ಹಸಿವು ಮರಳಿದೆ. ಊಟ ಈಗಲೂ ಸ್ವಲ್ಪವೇ. ಜಠರ ಹಿಗ್ಗಿಹೋಯಿತೇ? ನಾಚಿಕೆಯಾಗಿ ಒಂದು ವರ್ಷದಿಂದ ಆಸ್ಪತ್ರೆಗೆ ಹೋಗಿಲ್ಲ.

ಉತ್ತರ: ನೀವು ಇಲ್ಲಿ ಬರೆದದ್ದಕ್ಕೆ ನನಗೆ ನಿಜವಾಗಿ ಸಂತೋಷವಾಗಿದೆ. ಕನಿಷ್ಠ ತೂಕವನ್ನು ಮುಟ್ಟಿದ ಮೇಲೆ ಸ್ವಲ್ಪ ಮರಳಿ ಏರುವುದು ಬಹುತೇಕ ಎಲ್ಲರಲ್ಲೂ ಆಗುತ್ತದೆ, ಅದು ಅಪರಾಧವಲ್ಲ. ಜಠರ ಸ್ವಲ್ಪ ಹಿಗ್ಗಿರಲೂಬಹುದು, ಆದರೆ ನಾನು ಮೊದಲು ನೋಡುವುದು ಊಟದ ನಡುವಿನ ಹೊತ್ತನ್ನು. ಕಿರಿದಾದ ಜಠರ ಒಂದು ಬಟ್ಟಲು ಹುರುಳಿಕಾಳನ್ನು ತಡೆದು ನಿಲ್ಲಿಸಿಕೊಳ್ಳುತ್ತದೆ. ಬಾಯಲ್ಲೇ ಪುಡಿಯಾಗುವ ಕೋಡುಬಳೆಯನ್ನು, ಕಾಫಿಯಲ್ಲಿ ಅದ್ದಿದ ಬಿಸ್ಕತ್ತನ್ನು, ಐಸ್‌ಕ್ರೀಮನ್ನು ತಡೆಯುವುದಿಲ್ಲ, ಅವು ಜಾರಿ ಹೋಗುತ್ತವೆ. ಏಳು ದಿನ ಬಾಯಿಗೆ ಹೋದದ್ದೆಲ್ಲವನ್ನೂ ಹೊತ್ತಿನ ಸಮೇತ ಬರೆದು ಕಳುಹಿಸಿ, ಲೋಟದಲ್ಲಿ ಕುಡಿದದ್ದನ್ನೂ ಬಿಡಬೇಡಿ.

ಮರುಪ್ರಶ್ನೆ (ಅದೇ ಸದಸ್ಯ, ವಾರದ ನಂತರ): ಬರೆದೆ. ಊಟದ ಸಾಲುಗಳು ಚಿಕ್ಕವು. ಆದರೆ ದಿನಕ್ಕೆ ಐದು ಲೋಟ ಕಾಫಿ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ, ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಡಬ್ಬಿಯಿಂದ ಚಕ್ಕುಲಿ, ಕಾಂಗ್ರೆಸ್ ಕಡಲೆಕಾಯಿ. ಬರೆಯುವವರೆಗೂ ನನಗೇ ತಿಳಿದಿರಲಿಲ್ಲ.

ಉತ್ತರ: ನೂರು ಮಿಲಿ ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟ ಕಾಫಿಯೆಂದರೆ ಸುಮಾರು 100 ಕ್ಯಾಲೊರಿ, ಐದು ಲೋಟಕ್ಕೆ 500. ಎಲ್ಲವನ್ನೂ ಒಂದೇ ದಿನ ಬಿಡಲು ಹೋಗಬೇಡಿ, ಹಾಗೆ ಬಿಟ್ಟವರು ಹೆಚ್ಚಾಗಿ ಮರಳುತ್ತಾರೆ. ಈ ವಾರ ಕಾಫಿಯನ್ನು ಎರಡಕ್ಕೆ ಇಳಿಸಿ, ಸಕ್ಕರೆಯನ್ನು ಅರ್ಧ ಚಮಚಕ್ಕೆ ತನ್ನಿ. ಸಂಜೆ ಐದಕ್ಕೆ ಬೇಯಿಸಿದ ಕಡಲೆಕಾಳಿನ ಉಸಲಿ ಒಂದು ಬಟ್ಟಲು, ಕುರ್ಚಿಯಲ್ಲಿ ಕುಳಿತು, ಫೋನ್ ನೋಡದೆ ತಿನ್ನಿ. ಚಕ್ಕುಲಿ ಡಬ್ಬಿಯನ್ನು ಮನೆಯವರಿಗೆ ಹೇಳಿ ಮೇಲಿನ ಕಪಾಟಿಗೆ ಏರಿಸಿ. ನಡಿಗೆಯ ಜೊತೆಗೆ ವಾರಕ್ಕೆ ಎರಡು ದಿನ ಸ್ನಾಯುಗಳಿಗೆ ಭಾರ ಕೊಡುವ ವ್ಯಾಯಾಮವನ್ನು ಮುಂದಿನ ತಿಂಗಳು ಸೇರಿಸೋಣ. ನಿಮ್ಮ ಆಸ್ಪತ್ರೆಯಲ್ಲಿ ಸಮಯ ಕೇಳಿ. ಬಿ12, ಡಿ ಜೀವಸತ್ವ, ಕಬ್ಬಿಣ, ಥೈರಾಯಿಡ್ ಪರೀಕ್ಷೆಯ ವರದಿಗಳ ಜೊತೆ ತಿಂದದ್ದನ್ನೆಲ್ಲ ಬರೆದಿಟ್ಟ ಆ ಪುಸ್ತಕವನ್ನೂ ತೆಗೆದುಕೊಂಡು ಹೋಗಿ, ಮತ್ತು ಹೋಗುವ ದಿನದವರೆಗೂ ಅದರಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ.