ಗೆಳತಿಯ ಜೊತೆ ಗ್ರೀಸ್ ದ್ವೀಪಕ್ಕೆ, ಕಮ್ಮಿ ಖರ್ಚಿನಲ್ಲಿ: ಏಜೆಂಟ್ ಮೇಡಂ ಅವರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ ಬೆಂಗಳೂರಿನ ಟ್ರಾವೆಲ್ ಏಜೆಂಟ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಯುರೋಪಿನ ಟಿಕೆಟ್, ವೀಸಾ ಅವರ ಕೆಲಸ. ನಿಮ್ಮ ಊರಿನ ಹೆಸರು ಹಾಕಿ ಕೇಳಿ.

ಹಾಸನ: ನಮಸ್ಕಾರ ಮೇಡಂ. ನಾನೂ ನನ್ನ ಫ್ರೆಂಡೂ ಸ್ಯಾಂಟೊರಿನಿ ನೋಡಬೇಕು ಅಂತಿದ್ದೇವೆ. ಕೈಯಲ್ಲಿ ದುಡ್ಡು ಕಮ್ಮಿ. ಆಗುತ್ತಾ?

ಉತ್ತರ: ನಮಸ್ಕಾರ. ಆಗುತ್ತೆ. ಜುಲೈ, ಆಗಸ್ಟ್ ಮಾತ್ರ ಬೇಡ. ಆಗ ರೂಮಿನ ಬಾಡಿಗೆ ಕೇಳಿದರೆ ತಲೆ ತಿರುಗುತ್ತೆ. ಮೇ ಕೊನೆ ಇಲ್ಲವೇ ಸೆಪ್ಟೆಂಬರ್ ಕೊನೆ ನೋಡಿ. ಸ್ಯಾಂಟೊರಿನಿಯಲ್ಲಿ ಒಂದೆರಡು ರಾತ್ರಿ ಇದ್ದು, ಉಳಿದ ದಿನ ನ್ಯಾಕ್ಸೋಸ್ ದ್ವೀಪದಲ್ಲಿ ಕಳೆಯಿರಿ. ಅಲ್ಲಿ ಬಂದರಿನ ಹತ್ತಿರವೇ ಬಸ್ ಹತ್ತಿದರೆ ಪ್ಲಾಕಾ ಬೀಚಿನ ತನಕ ಹೋಗಬಹುದು, ಗಾಡಿ ಬಾಡಿಗೆಗೆ ಬೇಕಾಗಿಲ್ಲ. ಕೋಸ್ ದ್ವೀಪವೂ ಚೆನ್ನಾಗಿದೆ. ಪಟ್ಟಣದ ಸುತ್ತ ನೆಲ ಸಮತಟ್ಟು, ಸೈಕಲ್ ಸಾಕು. ಅಥೆನ್ಸ್ ಏರ್‌ಪೋರ್ಟ್‌ನಿಂದ ಪಿರೆಯಸ್ ಬಂದರಿಗೆ ನೇರ ಮೆಟ್ರೊ ಇದೆ, ಟ್ಯಾಕ್ಸಿ ಹತ್ತಬೇಡಿ. ಅಲ್ಲಿಂದ ನಿಧಾನವಾಗಿ ಹೋಗುವ ದೊಡ್ಡ ಹಡಗು ಹಿಡಿಯಿರಿ. ಹೈಸ್ಪೀಡ್ ಹಡಗಿಗೆ ದುಡ್ಡು ಜಾಸ್ತಿ. ಗಾಳಿ ಎದ್ದರೆ ಮೊದಲು ನಿಲ್ಲುವುದೂ ಅದೇ.

ತುಮಕೂರು: ತಲೆಗೆ ಒಟ್ಟು ಎಷ್ಟಾಗುತ್ತೆ ಮೇಡಂ?

ಉತ್ತರ: ತಾರೀಖು ಗೊತ್ತಿಲ್ಲದೆ ಲೆಕ್ಕ ಹೇಳಲು ಆಗುವುದಿಲ್ಲ. ವಿಮಾನದ ಟಿಕೆಟ್ಟೇ ದೊಡ್ಡ ಖರ್ಚು. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೊ, ಅದರ ಮೇಲೆ ಅರ್ಜಿ ಕೇಂದ್ರದ ಚಾರ್ಜು. ವೀಸಾ ಸಿಗದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೊ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ. ರೂಮಿಗೆ ದಿನಕ್ಕೆ ಇಷ್ಟು ಅಂತ ಸರ್ಕಾರದ ತೆರಿಗೆ ಬೇರೆ ಇದೆ. ಎಷ್ಟೋ ಸಲ ಬುಕಿಂಗ್ ದರದಲ್ಲಿ ಅದು ಸೇರಿರುವುದಿಲ್ಲ, ಅಲ್ಲಿ ಹೋದ ಮೇಲೆ ಕೇಳುತ್ತಾರೆ.

ದಾವಣಗೆರೆ: ದ್ವೀಪದಿಂದ ದ್ವೀಪಕ್ಕೆ ಹೋಗಲು ಬೇರೆ ಬೇರೆ ವೀಸಾ ಬೇಕಾ?

ಉತ್ತರ: ಬೇಡ. ಎಲ್ಲಾ ಗ್ರೀಸೇ.

ಶಿವಮೊಗ್ಗ: ಮೇಡಂ, ನಾನು ಮತ್ತು ನನ್ನ ಬಾಲ್ಯದ ಗೆಳತಿ, ಇಬ್ಬರೂ ಟೀಚರ್. ಸೆಪ್ಟೆಂಬರ್‌ನಲ್ಲಿ ಕೋಸ್‌ಗೆ ಹೊರಟಿದ್ದೇವೆ, ವೀಸಾ ಬಂದಿದೆ. ಕೋಸ್ ಎದುರಿಗೇ ಟರ್ಕಿಯ ಬೋಡ್ರಮ್ ಅಂತೆ, ಹಡಗಿನಲ್ಲಿ ಒಂದು ಗಂಟೆಯೂ ಆಗಲ್ಲವಂತೆ. ಬೆಳಿಗ್ಗೆ ಹೋಗಿ ಸಂಜೆ ಬರೋಣ ಅಂತ ಗೆಳತಿ ಟಿಕೆಟ್ ಮಾಡಿಸಿಬಿಟ್ಟಿದ್ದಾಳೆ. ಇಬ್ಬರಿಗೂ ಟರ್ಕಿ ಇ-ವೀಸಾ ಕೂಡ ಸಿಕ್ಕಿದೆ. ನನ್ನ ವೀಸಾ ಸ್ಟಿಕರ್‌ನಲ್ಲಿ ‘ಮಲ್ಟ್’ ಅಂತಿದೆ, ಅವಳದರಲ್ಲಿ ‘01’ ಅಂತಿದೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ, ದೊಡ್ಡದೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಗೆಳತಿಗೂ ಓದಿಸಿ.

ಸ್ಟಿಕರ್‌ನಲ್ಲಿ ತಾರೀಖುಗಳ ಕೆಳಗಿನ ಸಾಲು ನೋಡಿ. ವೀಸಾ ನಮೂನೆ ‘ಸಿ’, ಪಕ್ಕದಲ್ಲಿ ಎಷ್ಟು ಸಲ ಒಳಗೆ ಬರಬಹುದು, ಅದರ ಪಕ್ಕ ಎಷ್ಟು ದಿನ ಇರಬಹುದು. ಗ್ರೀಸ್, ಫ್ರಾನ್ಸ್, ಜರ್ಮನಿಯಂಥ, ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳಿಗೆ ಷೆಂಗೆನ್ ದೇಶಗಳು ಅಂತಾರೆ, ಟರ್ಕಿ ಅದರಲ್ಲಿಲ್ಲ. ‘ಮಲ್ಟ್’ ಅಂದರೆ ಮಲ್ಟಿಪಲ್, ಹಲವು ಸಲ ಒಳಗೆ ಬರಬಹುದು. ‘01’ ಅಂದರೆ ಷೆಂಗೆನ್ ದೇಶಗಳ ಒಳಗೆ ಒಂದೇ ಸಲ ಪ್ರವೇಶ. ಅಥೆನ್ಸ್ ಏರ್‌ಪೋರ್ಟ್‌ನಲ್ಲಿ ಇಳಿದಾಗಲೇ ಆ ಒಂದು ಸಲ ಖರ್ಚಾಗುತ್ತೆ. ಆಮೇಲೆ ಗ್ರೀಸ್ ಒಳಗೆ ಎಷ್ಟು ದ್ವೀಪ ಬೇಕಾದರೂ ಸುತ್ತಲಿ. ಆದರೆ ಕೋಸ್ ಬಂದರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಟರ್ಕಿ ಹಡಗು ಹತ್ತಿದಳು ಅಂದರೆ ಅಲ್ಲಿಗೆ ಅವಳ ವೀಸಾ ಮುಗಿಯಿತು. ಸ್ಟಿಕರ್‌ನಲ್ಲಿ ತಾರೀಖು, ದಿನ ಎಷ್ಟು ಉಳಿದಿದ್ದರೂ ಲೆಕ್ಕಕ್ಕಿಲ್ಲ.

ಸಂಜೆ ಬೋಡ್ರಮ್‌ನಲ್ಲಿ ಏನಾಗುತ್ತೆ ಯೋಚಿಸಿ. ಹಡಗು ಹತ್ತಿಸುವಾಗ ಪಾಸ್‌ಪೋರ್ಟ್ ನೋಡುತ್ತಾರೆ. ನೀವು ಹತ್ತುತ್ತೀರಿ, ಅವಳು ದಡದಲ್ಲೇ ಉಳಿಯುತ್ತಾಳೆ. ಹಡಗಿನವರ ಕಣ್ಣು ತಪ್ಪಿಸಿ ಬಂದರೂ ಕೋಸ್‌ನಲ್ಲಿ ಪೊಲೀಸರು ಒಳಗೆ ಬಿಡುವುದಿಲ್ಲ. ಬಟ್ಟೆಬರೆ ಎಲ್ಲ ಕೋಸ್‌ನ ರೂಮಿನಲ್ಲಿ, ವಾಪಸ್ ಟಿಕೆಟ್ ಅಥೆನ್ಸ್‌ನಿಂದ. ಕೈಯಲ್ಲಿ ಒಂದು ಬ್ಯಾಗು, ಒಂದು ನೀರಿನ ಬಾಟಲಿ. ಅಲ್ಲಿಂದ ಇಸ್ತಾಂಬುಲ್ ಮೇಲೆ ಊರಿಗೆ ಹೊಸ ಟಿಕೆಟ್ ಕೊಳ್ಳಬೇಕು. ಕೊನೇ ಗಳಿಗೆಯ ರೇಟು ಹೇಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಕಮ್ಮಿ ಖರ್ಚಿನ ಪ್ರವಾಸ ಅಲ್ಲಿಗೆ ಮುಗಿಯಿತು.

ಟರ್ಕಿ ಇ-ವೀಸಾ ಸಿಕ್ಕಿತಲ್ಲ ಅನ್ನಬೇಡಿ. ಚಾಲ್ತಿಯಲ್ಲಿರುವ ಷೆಂಗೆನ್ ವೀಸಾ ಇದೆ ಅಂತಲೇ ಅವರು ಕೊಟ್ಟಿದ್ದು. ನೀವು ಗ್ರೀಸ್‌ಗೆ ವಾಪಸ್ ಹೋಗಬಹುದೋ ಇಲ್ಲವೋ ಅನ್ನುವುದು ಅವರ ತಲೆನೋವಲ್ಲ. ಟಿಕೆಟ್ ಮಾರುವವರೂ ಕೇಳುವುದಿಲ್ಲ.

ಆ ಟಿಕೆಟ್ ಈಗಲೇ ಕ್ಯಾನ್ಸಲ್ ಮಾಡಿಸಿ. ದುಡ್ಡು ಬಾರದಿದ್ದರೆ ಹೋಗಲಿ ಬಿಡಿ. ಅದರ ಬದಲು ಕೋಸ್‌ನಿಂದ ನಿಸಿರೋಸ್ ದ್ವೀಪಕ್ಕೆ ಹೋಗಿ. ಕೋಸ್‌ನಲ್ಲೇ ಇರುವ ಕಾರ್ದಾಮೆನಾ ಊರಿನಿಂದ ದೋಣಿ ಸಿಗುತ್ತೆ. ನಿಸಿರೋಸ್‌ನಲ್ಲಿ ಸ್ಟೆಫಾನೋಸ್ ಅಂತ ಜ್ವಾಲಾಮುಖಿಯ ಬಾಯಿ ಇದೆ, ಅದರ ಒಳಗೇ ಇಳಿದು ನಡೆಯಬಹುದು. ನೆಲದಲ್ಲಿ ಸಣ್ಣ ಸಣ್ಣ ತೂತು, ಅಂಚಿಗೆ ಹಳದಿ ಗಂಧಕ ಕಟ್ಟಿರುತ್ತೆ, ಬಿಸಿ ಆವಿ ಬರುತ್ತಿರುತ್ತೆ. ಕೊಳೆತ ಮೊಟ್ಟೆಯ ವಾಸನೆ. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿ. ಅದೂ ಗ್ರೀಸೇ ಆದ್ದರಿಂದ ವೀಸಾ ಲೆಕ್ಕ ಬರುವುದಿಲ್ಲ. ಇನ್ನೊಂದು ಮಾತು: ಕೋಸ್‌ನಿಂದ ಪಿರೆಯಸ್‌ಗೆ ಹಡಗಿನಲ್ಲಿ ಬರುವುದಾದರೆ, ವಿಮಾನಕ್ಕೆ ಒಂದು ಪೂರ್ತಿ ದಿನ ಮುಂಚೆಯೇ ಅಥೆನ್ಸ್‌ನಲ್ಲಿರಿ. ಗಾಳಿ ಜೋರಾದರೆ ಅಲ್ಲಿನ ಕರಾವಳಿ ಪಡೆ ಹಡಗುಗಳನ್ನೇ ಬಿಡುವುದಿಲ್ಲ. ಹಡಗಿನ ದುಡ್ಡು ವಾಪಸ್ ಬರುತ್ತೆ, ತಪ್ಪಿದ ವಿಮಾನದ್ದು ಬರಲ್ಲ.

ಕುವೈತ್: ಸುಮ್ನೆ ಹೆದರಿಸ್ತಾರೆ. ನಾನು ಕೋಸ್‌ನಿಂದ ಬೋಡ್ರಮ್‌ಗೆ ಹೋಗಿ ಬಂದಿದ್ದೇನೆ. ಯಾರೂ ಏನೂ ಕೇಳಲಿಲ್ಲ.

ಉತ್ತರ: ನಿಮ್ಮ ವೀಸಾ ಯಾವುದು? ‘01’ ಅಂತಿತ್ತಾ?

ಕುವೈತ್: ಮಲ್ಟಿಪಲ್.

ಮ್ಯೂನಿಕ್: ಅದನ್ನೇ ಅವರು ಅಷ್ಟುದ್ದ ಬರೆದದ್ದು ಸ್ವಾಮಿ.

ಕುವೈತ್: ಜರ್ಮನಿಯಲ್ಲಿ ಇದ್ದ ಮಾತ್ರಕ್ಕೆ ಎಲ್ಲಾ ಗೊತ್ತು ಅಂದುಕೊಳ್ಳಬೇಡಿ. ನಾನು ಅನುಭವ ಹೇಳಿದೆ, ಅಷ್ಟೆ.

ಮ್ಯೂನಿಕ್: ನಿಮ್ಮ ಅನುಭವ ನಂಬಿ ಆ ಟೀಚರಮ್ಮ ಬೋಡ್ರಮ್‌ನಲ್ಲಿ ಕೂತರೆ ಊಟ ನೀವು ಕಳಿಸ್ತೀರಾ?

ರಾಣೆಬೆನ್ನೂರು: ನಮ್ಮ ಗೋಕರ್ಣ ಬಿಟ್ಟು ಅಷ್ಟು ದೂರ ಯಾಕೆ ಹೋಗ್ತಾರೋ.

ಹಾಸನ: ಗೋಕರ್ಣಕ್ಕೆ ಹೋಗಿ ಬಂದಾಯ್ತು ರೀ. ನಿಮಗೆ ಬೇಡವಾದರೆ ಬಿಡಿ.

ಮಂಡ್ಯ: ಫಾರ್ವರ್ಡ್ ಬಂದಿದೆ ನೋಡಿ. “ಗ್ರೀಸ್‌ನ 10 ದ್ವೀಪಗಳಿಗೆ ಇನ್ನು ವೀಸಾ ಬೇಡ! ಕೋಸ್, ರೋಡ್ಸ್ ಬಂದರಿನಲ್ಲಿ ಇಳಿದ ಕೂಡಲೇ 7 ದಿನಕ್ಕೆ ಸ್ಟಾಂಪ್. ಎಲ್ಲರಿಗೂ ತಿಳಿಸಿ.” ಹಾಗಾದರೆ ಟೀಚರ್ ಗೆಳತಿ ವಾಪಸ್ ಬರಬಹುದಲ್ವಾ?

ಉತ್ತರ: ಬರಲು ಆಗಲ್ಲ. ಅದು 2024ರಲ್ಲಿ ಟರ್ಕಿಯ ಪ್ರಜೆಗಳಿಗೆ, ಅವರ ಮನೆಯವರಿಗೆ ಅಂತ ಶುರುವಾದ ವ್ಯವಸ್ಥೆ. ಭಾರತದ ಪಾಸ್‌ಪೋರ್ಟ್‌ಗೆ ಅನ್ವಯಿಸುವುದಿಲ್ಲ. ಫಾರ್ವರ್ಡ್ ಮಾಡಿದವರು ‘ಟರ್ಕಿ’ ಅನ್ನುವ ಪದವನ್ನೇ ನುಂಗಿದ್ದಾರೆ. ಇದನ್ನು ಮುಂದೆ ಕಳಿಸಬೇಡಿ, ದಯವಿಟ್ಟು.

ಬಾಗಲಕೋಟೆ: ನಾವು ಶುದ್ಧ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ಉತ್ತರ: ಉಪವಾಸ ಬೀಳುವುದಿಲ್ಲ. ಗಿಗಾಂಟೆಸ್ ಅಂತ ದೊಡ್ಡ ಬಿಳಿ ಅವರೆಯಂಥ ಕಾಳನ್ನು ಟೊಮೆಟೊದಲ್ಲಿ ಬೇಯಿಸಿ ಕೊಡುತ್ತಾರೆ. ಹೋರ್ತಾ ಅಂದರೆ ಬೇಯಿಸಿದ ಸೊಪ್ಪು, ಮೇಲೆ ಆಲಿವ್ ಎಣ್ಣೆ, ನಿಂಬೆ. ಬೇಕರಿಯಲ್ಲಿ ಸೊಪ್ಪು, ಚೀಸ್ ತುಂಬಿದ ಸ್ಪಾನಕೋಪಿಟಾ ಸಿಗುತ್ತೆ, ಅಗ್ಗ. ಗೆಮಿಸ್ತಾ ಅಂದರೆ ಅನ್ನ ತುಂಬಿದ ಟೊಮೆಟೊ, ದಪ್ಪ ಮೆಣಸಿನಕಾಯಿ. ಒಳಗೆ ಮಾಂಸ ಇದೆಯಾ ಅಂತ ಕೇಳಿ. ‘ನಿಸ್ತಿಸಿಮೋ’ ಅಂತ ಬರೆದಿದ್ದರೆ ಅವರ ವ್ರತದ ಅಡುಗೆ. ಮಾಂಸ, ಹಾಲು, ಮೊಟ್ಟೆ ಇರಲ್ಲ, ಆದರೆ ಸಿಗಡಿ ಇರಬಹುದು. ಅವರ ವ್ರತಕ್ಕೆ ಅದು ನಡೆಯುತ್ತೆ.

ಬೆಳಗಾವಿ: ಮನೆಯಿಂದ ತುಪ್ಪ, ಚಟ್ನಿಪುಡಿ ಒಯ್ದರಾಯ್ತು.

ಉತ್ತರ: ಚಟ್ನಿಪುಡಿ ಒಯ್ಯಿರಿ. ತುಪ್ಪ ಬೇಡ. ಹೊರಗಿನಿಂದ ಯುರೋಪ್ ಒಕ್ಕೂಟದೊಳಕ್ಕೆ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ.

ಬೆಳಗಾವಿ: ನಮ್ಮ ಅಣ್ಣ ಪ್ರತಿ ವರ್ಷ ಒಯ್ಯುತ್ತಾನೆ. ಹಿಡಿದೇ ಇಲ್ಲ.

ಮ್ಯೂನಿಕ್: ನನ್ನ ಅತ್ತೆಯವರ ತುಪ್ಪದ ಡಬ್ಬಿಯನ್ನು ಕಣ್ಣೆದುರೇ ತೊಟ್ಟಿಗೆ ಹಾಕಿದರು.

ಬೆಳಗಾವಿ: ಅವರಿಗೆ ಪ್ಯಾಕ್ ಮಾಡಲು ಬಂದಿಲ್ಲ.

ಮ್ಯೂನಿಕ್: ಅತ್ತೆಯವರ ವಿಷಯ ಬೇಡ ರೀ.

ಚಿತ್ರದುರ್ಗ: ಹಡಗಿನಲ್ಲಿ ವಾಂತಿ ಬಂದರೆ ಏನು ಮಾಡಬೇಕು? ನನಗೆ ಕಿವಿ ಆಪರೇಷನ್ ಆಗಿದೆ.

ಮಂಡ್ಯ: ಹೊಕ್ಕುಳಿಗೆ ಹರಳೆಣ್ಣೆ, ಕರವಸ್ತ್ರದಲ್ಲಿ ಕರ್ಪೂರ. ನೂರಕ್ಕೆ ನೂರು.

ಉತ್ತರ: ನಾನು ಟಿಕೆಟ್ ಮಾಡುವವಳು. ಚಿತ್ರದುರ್ಗದವರೇ, ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ. ಮಂಡ್ಯದವರೇ, ಸಾಕು.

ರಾಯಚೂರು: ಅಲ್ಲಿ ಸ್ಕೂಟರ್ ಓಡಿಸಲು ನಮ್ಮ ಲೈಸೆನ್ಸ್ ನಡೆಯುತ್ತಾ?

ಉತ್ತರ: ಅದೊಂದೇ ಸಾಲದು. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿ, ಒಂದು ವರ್ಷ ನಡೆಯುತ್ತೆ. ಅದಿಲ್ಲದೆಯೂ ಗಾಡಿ ಕೊಡುವವರು ಸಿಗಬಹುದು, ತಗೊಳ್ಳಬೇಡಿ. ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ನಾಲ್ಕು ಚಕ್ರದ ಕ್ವಾಡ್ ಬೈಕಿನ ಆಸೆ ಇದ್ದರೆ ಪಾಲಿಸಿಯ ಸಣ್ಣಕ್ಷರ ಓದಿ.

ಗದಗ: ತಲೆಗೆ ಎಷ್ಟಾಗುತ್ತೆ?

ಉತ್ತರ: ಮೇಲೆ ಇದೆ.

ಚಾಮರಾಜನಗರ: ಗುಂಪಿನವರಿಗೆ ನಿಮ್ಮಲ್ಲಿ ಡಿಸ್ಕೌಂಟ್ ಇದೆಯಾ ಮೇಡಂ?

ಕೋಲಾರ: ಅಕೌಂಟಿನಲ್ಲಿ ದುಡ್ಡು ಕಮ್ಮಿ ಇದ್ದರೆ ಅರ್ಜಿಗೆ ವಾರ ಮುಂಚೆ ಭಾವನ ಹತ್ತಿರ ಇಸಕೊಂಡು ಹಾಕಿದರೆ ಸಾಕು ಅಂತ ಒಂದು ವಿಡಿಯೊ ಬಂದಿದೆ.

ಉತ್ತರ: ಆ ವಿಡಿಯೊ ಮಾಡಿದವರೇ ನಿಮಗೆ ವೀಸಾ ಕೊಡಿಸಲಿ. ದಿಢೀರ್ ಅಂತ ಬಂದ ದುಡ್ಡು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತೆ. ಸುಳ್ಳು ಕಾಗದ ಇಟ್ಟರೆ ಅದೇ ಕಾರಣಕ್ಕೆ ಅರ್ಜಿ ತಿರಸ್ಕಾರ ಮಾಡುತ್ತಾರೆ, ಮುಂದಿನ ಅರ್ಜಿಗೂ ಕಷ್ಟ.

ಹುಬ್ಬಳ್ಳಿ: ಗ್ರೀಸ್‌ನ 10 ದ್ವೀಪಗಳಿಗೆ ವೀಸಾ ಬೇಡವಂತೆ. ನಿಜವಾ? ಫಾರ್ವರ್ಡ್ ಹಾಕಿದ್ದೇನೆ.

ಉತ್ತರ: ರೀ, ಮೇಲೆ ಓದಿ.

ಹುಬ್ಬಳ್ಳಿ: ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ಗೊತ್ತಿಲ್ಲ ಅಂತ ಹೇಳಿ ಸಾಕು.

ಅಡ್ಮಿನ್: ಎಲ್ಲರೂ ಸ್ವಲ್ಪ ತಾಳ್ಮೆಯಿಂದ ಇರಿ.

ಶಿವಮೊಗ್ಗ: ಮೇಡಂ, ಟಿಕೆಟ್ ಕ್ಯಾನ್ಸಲ್ ಮಾಡಿಸಿದೆವು, ಅರ್ಧ ದುಡ್ಡು ಕೊಡ್ತಾರಂತೆ. ಗೆಳತಿ ಮುಖ ಊದಿಸಿಕೊಂಡು ಕೂತಿದ್ದಾಳೆ. ನಿನ್ನದು ಮಲ್ಟಿಪಲ್, ನೀನೊಬ್ಬಳೇ ಹೋಗಿ ಬಾ ಅಂತಾಳೆ. ಅರ್ಜಿ ಒಟ್ಟಿಗೇ ಹಾಕಿದ್ದು. ಅವಳಿಗೆ ಮಾತ್ರ ಯಾಕೆ ‘01’?

ಉತ್ತರ: ನೀವು ಹಿಂದೆ ಯುರೋಪಿಗೆ ಹೋಗಿ ಬಂದಿದ್ದೀರಾ?

ಶಿವಮೊಗ್ಗ: ಹೌದು, ಎರಡು ಸಲ. ಮಗಳು ಡಬ್ಲಿನ್‌ಗೆ ಹೋಗುವ ಮುಂಚೆ ಪ್ಯಾರಿಸ್‌ನಲ್ಲಿದ್ದಳು. ಗೆಳತಿಗೆ ಇದೇ ಮೊದಲು.

ಉತ್ತರ: ಅದೇ ಕಾರಣ ಇರಬೇಕು. ಹಿಂದಿನ ವೀಸಾಗಳನ್ನು ಸರಿಯಾಗಿ ಬಳಸಿದ್ದರೆ ಮಲ್ಟಿಪಲ್ ಸಿಗುವ ಸಾಧ್ಯತೆ ಜಾಸ್ತಿ. ಸ್ಟಿಕರ್ ತಿದ್ದಿಸಲು ಈಗ ಓಡಾಡಬೇಡಿ. ನಿಸಿರೋಸ್ ದೋಣಿ ದಿನವೂ ಇರುತ್ತೆ ಅಂದುಕೊಳ್ಳಬೇಡಿ, ಕೋಸ್‌ನಲ್ಲಿ ಇಳಿದ ದಿನವೇ ಬಂದರಿನಲ್ಲಿ ವಿಚಾರಿಸಿ.

ಬೀದರ್: ಕೋಸ್‌ನಲ್ಲಿ ಸೈಕಲ್ ಬಾಡಿಗೆಗೆ ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತಾರಾ?

ಗದಗ: ಮೇಲೆ ನೋಡಿದೆ ಮೇಡಂ. ಒಟ್ಟು ಬರೆದಿಲ್ಲವಲ್ಲ.