ಕಣ್ಣಿಗೆ ಫೋಕಸ್ ಮಾಡಿದರೆ ಲೋಟ ಶಾರ್ಪ್ ಬರುತ್ತಿದೆ, ಲೆನ್ಸ್ ಹಾಳಾಗಿದೆಯಾ?

ಪ್ರಶ್ನೆ: ಸರ್, ಚಿಕ್ಕಪ್ಪನ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಈಗ ನನ್ನ ಹತ್ತಿರ ಇದೆ, 50 ಎಂಎಂ ಎಫ್1.8 ಲೆನ್ಸ್. ಎರಡು ರೋಲ್ ತೆಗೆದೆ. ಒಂದು ಮೀಟರ್ ದೂರದಿಂದ ಅಜ್ಜಿಯ ಕಣ್ಣಿಗೆ ಫೋಕಸ್ ಮಾಡಿದರೆ ಅವರ ಕೈಯಲ್ಲಿದ್ದ ಕಾಫಿ ಲೋಟ ಶಾರ್ಪ್, ಮುಖ ಮಂಜು ಮಂಜು. ಬಿಸಿಲಲ್ಲಿ ಲೆನ್ಸಿನ ರಂಧ್ರ ಕಿರಿದು ಮಾಡಿ ಎಫ್8 ಇಟ್ಟು ತೆಗೆದವು ಪರವಾಗಿಲ್ಲ. ಬೇರೆ ಲೆನ್ಸ್ ತಗೊಳ್ಳಲಾ?

ಉತ್ತರ: ತಡೀರಿ, ದುಡ್ಡು ಖರ್ಚು ಮಾಡಬೇಡಿ. ಲೋಟ ಶಾರ್ಪ್ ಇದೆ ಅಂದ ಮೇಲೆ ಕೈ ಅಲುಗಾಡಿದ್ದಲ್ಲ. ಲೆನ್ಸಿನ ಮೇಲೂ ನನಗೆ ಅನುಮಾನ ಕಡಿಮೆ. ಯಾಕಂದ್ರೆ ಎಸ್‌ಎಲ್‌ಆರ್‌ನಲ್ಲಿ, ಅಂದರೆ ನಿಮ್ಮದರಂಥ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ, ನೀವು ನೋಡುವುದೂ ಅದೇ ಲೆನ್ಸ್ ಮೂಲಕ, ಫಿಲ್ಮ್ ನೋಡುವುದೂ ಅದೇ ಲೆನ್ಸ್ ಮೂಲಕ. ಲೆನ್ಸಿನ ಅಳತೆ ತಪ್ಪಿದ್ದರೆ ಇಬ್ಬರಿಗೂ ಒಂದೇ ಥರ ತಪ್ಪಬೇಕು. ನಿಮ್ಮಲ್ಲಿ ಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಒಂದು ಹೇಳುತ್ತಿದೆ, ಫಿಲ್ಮ್ ಇನ್ನೊಂದು ಹೇಳುತ್ತಿದೆ, ಅಂದರೆ ಗಲಾಟೆ ಬಾಡಿಯೊಳಗೆ. ಕನ್ನಡಿಯಿಂದ ಸ್ಕ್ರೀನ್‌ವರೆಗಿನ (ಫೈಂಡರ್‌ಗೆ ಚಿತ್ರ ಮೂಡಿಸುವ ಮಬ್ಬು ಫಲಕ) ದಾರಿ ಮತ್ತು ಫಿಲ್ಮ್‌ವರೆಗಿನ ದಾರಿ ಸರಿಸಮ ಇರಬೇಕು, ಅಲ್ವಾ? ಕಾಲು ಮಿಲಿಮೀಟರ್ ವ್ಯತ್ಯಾಸ ಬಂದರೂ ಒಂದು ಮೀಟರ್ ದೂರದಲ್ಲಿ ಫೋಕಸ್ ಸುಮಾರು 8 ಸೆಂಟಿಮೀಟರ್ ಮುಂದಕ್ಕೆ ಬರುತ್ತದೆ. ಎಫ್1.8ರಲ್ಲಿ ಅಲ್ಲಿ ಶಾರ್ಪ್ ಸಿಗುವುದೇ ಒಟ್ಟು ನಾಲ್ಕೈದು ಸೆಂಟಿಮೀಟರ್. ಎಫ್8ಕ್ಕೆ ಹೋದರೆ ಹದಿನೆಂಟರ ಆಸುಪಾಸು, ಅದಕ್ಕೇ ತಪ್ಪು ಮುಚ್ಚಿಹೋಗಿದೆ. ಒಂದು ಕೆಲಸ ಮಾಡಿ, ದೂರದ ಮೊಬೈಲ್ ಟವರ್‌ಗೆ ಫೋಕಸ್ ಮಾಡಿ ರಿಂಗ್ ಎಲ್ಲಿ ನಿಲ್ಲುತ್ತದೆ ಹೇಳಿ. ಯಾರಾದರೂ ಸ್ಕ್ರೀನ್ ಬಿಚ್ಚಿದ್ದರಾ?

ಪ್ರಶ್ನೆ: ಫೈಂಡರ್ ನಡುವಿನ ವೃತ್ತದಲ್ಲಿ ಒಡೆದು ಕಾಣುವ ಟವರ್‌ನ ಎರಡು ಅರ್ಧ ಕೂಡುವುದು ರಿಂಗ್ 10 ಮೀಟರ್ ಹತ್ತಿರ ಇದ್ದಾಗ! ಅಲ್ಲಿಂದ ಇನ್ಫಿನಿಟಿ (ಅತಿ ದೂರದ ಗುರುತು) ಕಡೆ ತಿರುಗಿಸಿದರೆ ಮತ್ತೆ ಒಡೆಯುತ್ತದೆ. ಸ್ಕ್ರೀನ್... ಧೂಳಿತ್ತು ಅಂತ ನಾನೇ ತೆಗೆದು ಒರೆಸಿ ಹಾಕಿದ್ದೆ.

ಉತ್ತರ: ಸಿಕ್ಕಿಬಿದ್ದಿರಿ. ಸ್ಕ್ರೀನ್ ಪೂರ್ತಿ ಮೇಲೆ ಕೂತಿಲ್ಲ, ಕೂದಲೆಳೆಯಷ್ಟು ಕೆಳಗೆ ಜೋತಾಡುತ್ತಿದೆ. ಲೆನ್ಸ್ ತೆಗೆದು ಮೌಂಟ್ (ಲೆನ್ಸ್ ಕೂರುವ ಬಳೆ) ಒಳಗಿನ ಕೊಕ್ಕೆ ಬಿಡಿಸಿ, ಚೌಕಟ್ಟು ಕೆಳಗಿಳಿಯುತ್ತದೆ, ಸ್ಕ್ರೀನ್ ಅಂಚು ಮಾತ್ರ ಹಿಡಿದು ಸರಿಯಾಗಿ ಕೂರಿಸಿ ಟಕ್ ಅನ್ನುವವರೆಗೆ ಮೇಲೆ ಒತ್ತಿ. ತಲೆಕೆಳಗಾಗಿ ಹಾಕಿದ್ದರೂ ಫೋಕಸ್ ತಪ್ಪುತ್ತದೆ, ಅದನ್ನೂ ನೋಡಿ. ಆಮೇಲೆ ಫಿಲ್ಮ್ ಇಲ್ಲದಾಗ ಹಿಂದಿನ ಬಾಗಿಲು ತೆಗೆದು, ಶಟರ್ ಡಯಲನ್ನು ಬಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವ ಗುರುತು) ಮೇಲಿಟ್ಟು ಕೇಬಲ್ ರಿಲೀಸ್‌ನಿಂದ ಶಟರ್ ತೆರೆದು ಹಿಡಿಯಿರಿ. ಫಿಲ್ಮ್ ಕೂರುವ ಒಳಗಿನ ಎರಡು ಹಳಿಗಳ ಮೇಲೆ ಟ್ರೇಸಿಂಗ್ ಪೇಪರ್ ಬಿಗಿಯಾಗಿಟ್ಟು ಭೂತಗನ್ನಡಿಯಲ್ಲಿ ನೋಡಿ. ಇನ್ಫಿನಿಟಿಯಲ್ಲಿ ಟವರ್ ಕಾಗದದ ಮೇಲೂ, ಶಟರ್ ಮುಚ್ಚಿದ ಮೇಲೆ ಫೈಂಡರ್‌ನಲ್ಲೂ ಶಾರ್ಪ್ ಆಗಬೇಕು. ಶಟರ್ ಬ್ಲೇಡ್‌ಗೆ ಮಾತ್ರ ಬೆರಳು ತಾಗಿಸಬೇಡಿ, ದೇವರಾಣೆ. ಆಗಲೂ ಕೂಡದಿದ್ದರೆ ಕನ್ನಡಿ ನಿಲ್ಲುವ ಕೋನ ತಪ್ಪಿರಬೇಕು, ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಇನ್ನೊಬ್ಬರ ಪ್ರಶ್ನೆ: ನಡುವೆ ಬರುತ್ತಿದ್ದೇನೆ. ನನ್ನ ಹೆಲಿಯೋಸ್ 44-2 ಲೆನ್ಸನ್ನು ಗಾಜಿಲ್ಲದ ಅಡಾಪ್ಟರ್‌ನಲ್ಲಿ ನಿಕಾನ್‌ಗೆ ಹಾಕಿದೆ. ದೂರದ್ದು ಏನು ಮಾಡಿದರೂ ಫೋಕಸ್ ಆಗುವುದಿಲ್ಲ. ನನ್ನದೂ ಸ್ಕ್ರೀನಾ?

ಉತ್ತರ: ಅಲ್ಲ, ನಿಮ್ಮದು ಬರೀ ಲೆಕ್ಕ. ನಿಮ್ಮ ಹೆಲಿಯೋಸ್‌ನಂಥ ಎಂ42 (ತಿರುಪಿನ ಮೌಂಟ್) ಲೆನ್ಸ್ ಫಿಲ್ಮ್‌ನಿಂದ 45.46 ಮಿಲಿಮೀಟರ್ ದೂರದಲ್ಲಿ ಕೂರಬೇಕು, ನಿಕಾನ್ ಮೌಂಟ್ ಇರುವುದೇ 46.5ರಲ್ಲಿ. ಅಡಾಪ್ಟರ್ ದಪ್ಪ ಸೊನ್ನೆ ಅಂದುಕೊಂಡರೂ 58 ಎಂಎಂ ಲೆನ್ಸ್ ಮೂರು ಚಿಲ್ಲರೆ ಮೀಟರ್ ಆಚೆ ನೋಡುವುದಿಲ್ಲ. ಗಾಜಿರುವ ಅಡಾಪ್ಟರ್ ಬರುತ್ತದೆ, ಆದರೆ ಅಗ್ಗದ ಗಾಜು ಚಿತ್ರವನ್ನೇ ಮಂಕು ಮಾಡುತ್ತದೆ, ನನಗೆ ಇಷ್ಟವಿಲ್ಲ. ಕ್ಯಾನನ್ ಇಒಎಸ್ ಫಿಲ್ಮ್ ಬಾಡಿ ಸಿಕ್ಕರೆ ಅದರದು 44, ಆರಾಮಾಗಿ ಕೂರುತ್ತದೆ. ಇಲ್ಲದಿದ್ದರೆ ಹತ್ತಿರದ ಹೂವು, ಮುಖ ತೆಗೆಯಿರಿ. ಸುಮ್ನೆ ಲೆನ್ಸ್ ಬಿಚ್ಚಲು ಹೋಗಬೇಡಿ. ಫೋಕಸ್ ರಿಂಗಿನ ಮರೆ (ತಿರುಪಿನ ಸುತ್ತು) ಬಿಚ್ಚಿಕೊಂಡ ಜಾಗಕ್ಕೆ ಗುರುತು ಹಾಕದೆ ತಿರುಗಿಸಿದವರು ಆಮೇಲೆ ಒಂದು ಭಾನುವಾರ ಪೂರ್ತಿ ಸರಿಯಾದ ಮರೆ ಹುಡುಕುತ್ತಾ ಕೂರುತ್ತಾರೆ, ನಾನೂ ಕೂತಿದ್ದೇನೆ.

ಮೊದಲನೆಯವರು: ಸರ್, ಟಕ್ ಅಂತು! ಟವರ್ ಈಗ ಸರಿಯಾಗಿ ಇನ್ಫಿನಿಟಿಯಲ್ಲೇ ಕೂಡುತ್ತಿದೆ. ಅಜ್ಜಿಯನ್ನು ಮತ್ತೆ ಕೂರಿಸಬೇಕು, ಈ ಸಲ ಲೋಟ ಇಲ್ಲದೆ.