ಅಪ್‌ಡೇಟ್: ಅಮ್ಮನ ಜೊತೆ ಮರಾಕೇಶ್‌ಗೆ ಹೋಗಿ ಬಂದೆವು

ಮಾಂಸ ತಿನ್ನದ ಅಮ್ಮನನ್ನು ಮೊರಾಕ್ಕೋದ ಮರಾಕೇಶ್‌ಗೆ ಕರೆದುಕೊಂಡು ಹೋಗಬಹುದಾ, ಆ ಗದ್ದಲ ಅವರಿಗೆ ಒಗ್ಗುತ್ತದಾ ಎಂದು ಕೇಳಿದ್ದೆ. ಹೋಗಿ ಬಂದೆವು. ಧೈರ್ಯ ಹೇಳಿದ ಎಲ್ಲರಿಗೂ ಥ್ಯಾಂಕ್ಸ್.

ಊಟದ ಚಿಂತೆಯೇ ಜಾಸ್ತಿ ಇತ್ತು ಅಲ್ವಾ, ಮೊದಲು ಅದನ್ನೇ ಹೇಳುತ್ತೇನೆ. ಜಾಲೂಕ್ ಅಮ್ಮನಿಗೆ ತುಂಬಾ ಹಿಡಿಸಿತು. ಬದನೆಕಾಯಿ, ಟೊಮೇಟೊ, ಬೆಳ್ಳುಳ್ಳಿ, ಜೀರಿಗೆ, ಆಲಿವ್ ಎಣ್ಣೆ ಹಾಕಿ ಮಾಡುತ್ತಾರೆ. ನಮ್ಮ ಬದನೆಕಾಯಿ ಗೊಜ್ಜಿನ ದೂರದ ನೆಂಟ ಅನ್ನಬಹುದು. ಬೆಳಿಗ್ಗೆ ಪದರ ಪದರವಾದ ಮ್ಸೆಮೆನ್ ರೊಟ್ಟಿ, ಜೇನುತುಪ್ಪ, ಪುದೀನ ಚಹಾ. ಆದರೆ ಒಂದು ಎಚ್ಚರಿಕೆ. ತರಕಾರಿ ಕುಸ್ಕುಸ್ (ಗೋಧಿ ರವೆಯ ಸಣ್ಣ ಕಾಳುಗಳ ಅಡುಗೆ) ಎಂದರೂ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸಿರುವುದುಂಟು. ಹರೀರಾ ಸೂಪ್‌ನದ್ದೂ ಅದೇ ಕಥೆ. ಪ್ರತಿ ಸಲ ಕೇಳಿಯೇ ತಿನ್ನಿ.

ಜೆಮಾ ಎಲ್ ಫ್ನಾ ಚೌಕಕ್ಕೆ ಸಂಜೆ ಹೋಗಿ. ಕತ್ತಲಾಗುತ್ತಿದ್ದಂತೆ ಒಲೆಗಳ ಹೊಗೆ, ಗ್ನಾವಾ ಎಂಬ ಅಲ್ಲಿನ ಸಾಂಪ್ರದಾಯಿಕ ಸಂಗೀತಗಾರರ ಕಬ್ಬಿಣದ ತಾಳ, ಕಥೆ ಹೇಳುವವರ ಸುತ್ತ ಜನ. ಈ ಚೌಕದ ಕಲೆಗಳನ್ನು ಯುನೆಸ್ಕೋ 2001ರಲ್ಲೇ ಗುರುತಿಸಿದೆ. ಭಾಷೆ ಬಾರದಿದ್ದರೂ ಅಮ್ಮ ಒಬ್ಬ ಕಥೆಗಾರನ ಮುಂದೆ ನಿಂತೇಬಿಟ್ಟರು, ಕರೆದರೂ ಬರಲಿಲ್ಲ! ಹಾವಾಡಿಗರ ಫೋಟೋ ಸುಮ್ನೆ ತೆಗೆಯಬೇಡಿ, ದುಡ್ಡು ಕೇಳುತ್ತಾರೆ. ಸರಪಳಿ ಹಾಕಿದ ಕೋತಿಗಳನ್ನು ನೋಡಿ ಮಾತ್ರ ಸಂಕಟವಾಯಿತು. ಅವು ಅಳಿವಿನಂಚಿನಲ್ಲಿರುವ ಬಾರ್ಬರಿ ಮಕಾಕ್‌ಗಳು. ದಯವಿಟ್ಟು ಅದಕ್ಕೆ ಕಾಸು ಕೊಡಬೇಡಿ.

ಕುತುಬಿಯಾ ಮಸೀದಿಯ 12ನೇ ಶತಮಾನದ ಮಿನಾರನ್ನು ಹೊರಗಿನಿಂದಲೇ ನೋಡಬೇಕು, ಮುಸ್ಲಿಮರಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಬೆನ್ ಯೂಸುಫ್ ಮದರಸಾಕ್ಕೆ ಟಿಕೆಟ್ ಕೊಂಡು ಹೋಗಬಹುದು. ಅಲ್ಲಿನ ಮರದ ಕೆತ್ತನೆ, ಬಣ್ಣದ ಟೈಲ್ಸ್ ತಪ್ಪಿಸಿಕೊಳ್ಳಬೇಡಿ. ಕೊನೆಗೆ, ಉಳಿದ ದಿರ್ಹಮ್‌ಗಳನ್ನು (ಅಲ್ಲಿನ ಹಣ) ಮೊರಾಕ್ಕೋದಲ್ಲೇ ಬದಲಾಯಿಸಿಕೊಂಡು ಹೊರಡಿ.